ಸೋರುವ ತೂಬು

"ಗುರುಗಳೇ, ಮೂವತ್ತು ವರ್ಷದ ಹಳೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಕಿತ್ತು ಹೊಸದನ್ನು ಕೂರಿಸುವುದು ಯಾಕಿಷ್ಟು ಕಷ್ಟ?" ಎಂದು ವಿಶಾಲಾಕ್ಷಿ ಕೇಳಿದಳು. ಅವಳು ಪಡಿತರ ಕಚೇರಿಯ ಅಧಿಕಾರಿ. ಆರು ತಿಂಗಳಲ್ಲಿ ಮುಗಿಯಬೇಕಾದ ಕೆಲಸ ಎರಡು ವರ್ಷ ಹಿಡಿದಿತ್ತು. "ಗವಿಸಿದ್ದಯ್ಯ ಅಂತ ಹಳೆಯ ಗುಮಾಸ್ತರೊಬ್ಬರು. ಮಾತುಮಾತಿಗೆ 'ಅದು ಹಾಗಲ್ಲ ಮೇಡಂ' ಅಂತ ಅಡ್ಡಗಾಲು ಹಾಕ್ತಿದ್ದರು. ಅವರನ್ನು ದಾಸ್ತಾನು ಕೋಣೆಗೆ ಕಳಿಸಿದೆ. ಆದರೂ ಕೆಲಸ ಸಾಗ್ತಿಲ್ಲ."

ಗುರುಗಳು ಹೇಳಿದರು:

ಒಂದು ಊರಿನ ಕೆರೆಯ ತೂಬು ಸೋರುತ್ತಿತ್ತು. ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ದಿನವೂ ಅದರ ಸಂದಿಗಳಿಗೆ ಹುಲ್ಲು, ಜೇಡಿಮಣ್ಣು ಮೆತ್ತುತ್ತಿದ್ದ. ಒಂದು ಸಂದಿಯನ್ನು ಮಾತ್ರ ಹಾಗೇ ಬಿಡುತ್ತಿದ್ದ. ಊರವರು ತೂಬನ್ನೂ ಕಾಲುವೆಯನ್ನೂ ಹೊಸದಾಗಿ ಕಟ್ಟಲು ಒಬ್ಬ ಕಲ್ಲುಕುಟಿಗನನ್ನು ಕರೆಸಿದರು. ಅವನಿಗೆ ಕೊಂಚ ಜಂಬವಿತ್ತು. ಕೆಲಸ ಬಲ್ಲವರಿಗೆ ಅದು ಇದ್ದದ್ದೇ. ಪೈರು ನಿಂತಿದ್ದರಿಂದ ನೀರು ನಿಲ್ಲಿಸುವಂತಿರಲಿಲ್ಲ. ಹರಿಯುವ ನೀರಿನಲ್ಲೇ ಸೊಂಟದವರೆಗೆ ನಿಂತು, ಒಂದೊಂದೇ ಹಳೆಯ ಕಲ್ಲು ತೆಗೆದು ಹೊಸದನ್ನು ಕೂರಿಸಿದ. ತೂಬು ಒಂದು ಹನಿಯೂ ಸೋರಲಿಲ್ಲ. ಊರೆಲ್ಲ ಹೊಗಳಿತು.

ಎಂಟನೆಯ ದಿನ ಒಬ್ಬ ಮುದುಕಿ ಒಣಗಿದ ಪೈರು ಹಿಡಿದು ಬಂದಳು. ಅವಳ ಗದ್ದೆ ಎಲ್ಲರ ಗದ್ದೆಗಳಾಚೆ ಇತ್ತು. ನೀರಿನ ಪಾಲು ಹಂಚಿದ ಮೇಲೆ ಹಸನು ಮಾಡಿದ ನೆಲ. ಅದಕ್ಕೆ ನೀರಿನ ಸರದಿಯೇ ಇರಲಿಲ್ಲ. ಆ ಒಂದು ಸಂದಿಯನ್ನು ಮುಚ್ಚಬೇಡ ಎಂದು ಹಿಂದಿನ ಹಿರಿಯರು ನೀರಗಂಟಿಯ ಅಜ್ಜನಿಗೆ ಹೇಳಿದ್ದರು. ಎಲ್ಲೂ ಬರೆದಿರಲಿಲ್ಲ. ಸೋರಿದ ನೀರೇ ಅವಳ ಅನ್ನವಾಗಿತ್ತು.

ಕಲ್ಲುಕುಟಿಗನಿಗೆ ನಾಚಿಕೆಯಾಯಿತು. ನಾಚಿಕೆಯಾದವರು ರೇಗುತ್ತಾರೆ. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ನೀರಗಂಟಿಯನ್ನು ಗದರಿದ.

"ನೀನು ತೂಬಿನ ಅಳತೆ ಕೇಳಿದೆ, ನಾನು ಹೇಳಿದೆ. ನೀರು ಯಾರ್ಯಾರಿಗೆ ಹೋಗುತ್ತೆ ಅಂತ ಕೇಳಲೇ ಇಲ್ಲವಲ್ಲಪ್ಪ."

ಕಲ್ಲುಕುಟಿಗ ಊರು ಬಿಟ್ಟು ಹೋಗಲಿಲ್ಲ. ತಾನೇ ಕೂರಿಸಿದ ಕಲ್ಲಿಗೆ ಅಂದೇ ತೂತು ಕೊರೆದು ಮುದುಕಿಯ ಗದ್ದೆಗೆ ನೀರು ಬಿಟ್ಟ. ಕಾಲುವೆಯ ಕೆಲಸ ಇನ್ನೂ ಬಾಕಿಯಿತ್ತು. ಅದಕ್ಕೆ ಕೈಹಚ್ಚುವ ಮೊದಲು ಉಳಿ ಕೆಳಗಿಟ್ಟು, ಮುಂದಿನ ನಾಟಿಯಿಂದ ಕೊಯ್ಲಿನವರೆಗೆ ನೀರಗಂಟಿಯ ಹಿಂದೆ ಬದುವಿನಿಂದ ಬದುವಿಗೆ ನಡೆದ. ಹಳೆಯ ಕಾಲುವೆಯಲ್ಲಿ ಅಂಥವೇ ಇನ್ನೂ ನಾಲ್ಕು ಸೋರಿಕೆಗಳು ಸಿಕ್ಕವು. ಪ್ರತಿಯೊಂದನ್ನೂ ನಂಬಿಕೊಂಡು ಒಂದು ಮನೆಯಿತ್ತು. ಇವನು ಕೆಲಸಗಳ್ಳ ಎಂದು ಊರವರು ಆಡಿಕೊಂಡರು. ಅವನು ನಡೆಯುವುದನ್ನು ಬಿಡಲಿಲ್ಲ.



"ಕಾಲುವೆ ಕಟ್ಟಿ ಮುಗಿಸಿದನೇ?" ಎಂದಳು ವಿಶಾಲಾಕ್ಷಿ.

"ಮುಗಿಸಿದ. ಕೇಳಿ ತಿಳಿಯಲು ನೀರಗಂಟಿ ಇನ್ನೂ ಬದುಕಿದ್ದ," ಎಂದರು ಗುರುಗಳು. "ನಿಮ್ಮ ಗವಿಸಿದ್ದಯ್ಯನವರ ನಿವೃತ್ತಿ ಯಾವಾಗಮ್ಮ?"