ಅರವತ್ತು ಮನೆ, ಒಂದು ಒಲೆ

"ಅಜ್ಜಾರ, ಸರಕಾರದ ರೊಕ್ಕ ಊರೂರಿಗೆ ಹಂಚೂದು ಹೆಂಗ್ರಿ? ತಲೀ ಎಣಿಸಿ ಹಂಚಿದ್ರ ಅದು ನ್ಯಾಯ ಹೌದೋ ಅಲ್ಲೋ?"

ಕೇಳಿದವಳು ಕಸ್ತೂರೆವ್ವ. ಏಳು ಹಳ್ಳಿಗಳ ಒಂದು ಗ್ರಾಮ ಪಂಚಾಯಿತಿಗೆ ಅವಳು ಅಧ್ಯಕ್ಷೆಯಾಗಿ ವರ್ಷವಾಗಿತ್ತು. ಚಿಕ್ಕಂದಿನಿಂದ ಮಠಕ್ಕೆ ನಡೆದುಕೊಂಡವಳು. ಆ ಬೆಳಗ್ಗೆ ಮಠದ ಸ್ವಾಮಿಗಳಾದ ಅಜ್ಜಾರು ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅವಳು ನಮಸ್ಕಾರ ಮಾಡಿದವಳೇ ಕುಶಲವನ್ನೂ ಕೇಳದೆ ಈ ಪ್ರಶ್ನೆ ಹಾಕಿದಳು.

ಏನಾಯಿತೆಂದು ಅಜ್ಜಾರು ವಿಚಾರಿಸಿದರು. ಅವಳು ಹೇಳಿದಳು. ದೇಶದ ಜನ ಕಟ್ಟುವ ತೆರಿಗೆಯಲ್ಲಿ ಒಂದು ಪಾಲು ಪಂಚಾಯಿತಿಗಳಿಗೆ ಹಿಂತಿರುಗಿ ಬರುತ್ತದೆ. ಈ ವರ್ಷದ್ದು ಬಂದಿದೆ. ಅವಳು ಗ್ರಾಮಸಭೆ ಕರೆದಳು. ಯಾವ ಹಳ್ಳಿಯಿಂದ ಎಷ್ಟು ಜನ ಬಂದರೋ ಆ ಪ್ರಮಾಣದಲ್ಲಿ ಹಳ್ಳಿಗಳಿಗೆ ಕೆಲಸ ಹಂಚಿ ಪಟ್ಟಿ ಮಾಡಿದಳು. ಆರು ಹಳ್ಳಿಯವರು ಚಪ್ಪಾಳೆ ತಟ್ಟಿದರು. ಏಳನೆಯದು ಒಂದು ತಾಂಡಾ. ಅಲ್ಲಿಂದ ಸಭೆಗೆ ಒಬ್ಬರೂ ಬಂದಿರಲಿಲ್ಲ, ಹಾಗಾಗಿ ಅದಕ್ಕೆ ಏನೂ ಸಿಗಲಿಲ್ಲ. ಈಗ ತಾಂಡಾದವರು ಪಂಚಾಯಿತಿ ಕಚೇರಿಯ ಮುಂದೆ ಬಂದು ಕೂತಿದ್ದಾರೆ. ಅವರ ಕೊಳವೆಬಾವಿ ಬತ್ತಿದೆ, ಹೊಸದು ಬೇಕು ಎನ್ನುತ್ತಾರೆ. ಸೋಮವಾರ ಪಟ್ಟಿಗೆ ಅವಳ ಸಹಿ ಬೀಳಬೇಕು. ಸಹಿ ಬಿದ್ದರೆ ಈ ವರ್ಷ ಅವರಿಗೆ ನೀರಿಲ್ಲ.

"ಒಂದು ಪೈಸಾ ತಿಂದಿಲ್ರಿ ನಾನು. ಬಂದವರನ್ನ ಎಣಿಸೀನಿ. ಬರದವರನ್ನ ಹೆಂಗ ಎಣಿಸಲಿ? ಮಾರಿ ಮುಂದ ನಿಂತು ಮೋಸಗಾರ್ತಿ ಅಂತಾರ್ರೀ" ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಅಜ್ಜಾರಿಗೆ ಅವಳನ್ನು ಕಂಡು ಮರುಕವಾಯಿತು. "ಕೂಡು ತಾಯಿ. ಒಂದು ಬೊಗಸಿ ಕಾಯಿ ನೀನೂ ತಗೊಂಡು ತೊಟ್ಟು ಮುರಿ. ಕೈಗೆ ಕೆಲಸ ಇದ್ರ ಮನಸ್ಸು ಹಗುರ ಆಗ್ತದ. ಆದ್ರ ಅದs ಕೈಲೆ ಕಣ್ಣು ಒರಸಿಕೋಬ್ಯಾಡ ಮತ್ತ" ಎಂದರು. ಅಳುತ್ತಿದ್ದವಳು ನಕ್ಕಳು. ಅಜ್ಜಾರು ಕತೆ ಹೇಳಿದರು.

ಒಂದು ರಾಜ್ಯ. ಅದಕ್ಕೊಬ್ಬ ಅರಸ. ಅವನು ಉಪ್ಪಿನ ಮೇಲೆ, ಬಟ್ಟೆಯ ಮೇಲೆ, ಬಂಡಿಯ ಮೇಲೆ, ಹೊಳೆ ದಾಟಿಸುವ ಹರಿಗೋಲಿನ ಮೇಲೆ, ಕುರಿ ಮೇಯುವ ಹುಲ್ಲಿನ ಮೇಲೆ ಸುಂಕ ಎತ್ತುತ್ತಿದ್ದ. ಎಲ್ಲವೂ ರಾಜಧಾನಿಯ ಬೊಕ್ಕಸಕ್ಕೆ ಬಂದು ಬೀಳುತ್ತಿತ್ತು. ಯಾವುದೋ ಊರಿನ ಕೆರೆಯ ಏರಿ ಬಿರುಕು ಬಿಟ್ಟಿತು ಎನ್ನಿ. ಊರಿನವರು ರಾಜಧಾನಿಗೆ ಬಂದು ಅರಿಕೆ ಮಾಡಿಕೊಳ್ಳಬೇಕು. ಅರಮನೆಯಲ್ಲಿ ಅದನ್ನು ಒಬ್ಬರು ಓದಬೇಕು, ಇನ್ನೊಬ್ಬರು ಕೇಳಬೇಕು, ಮತ್ತೊಬ್ಬರು ಮುದ್ರೆ ಒತ್ತಬೇಕು. ಅಪ್ಪಣೆ ಊರು ತಲುಪುವಷ್ಟರಲ್ಲಿ ಕೆರೆ ಒಡೆದು ಗದ್ದೆಗಳು ಕೊಚ್ಚಿ ಹೋಗಿರುತ್ತಿದ್ದವು. ಅರಸ ದಡ್ಡನಲ್ಲ. ಒಂಬತ್ತು ಕೆರೆ ಒಡೆದ ಮೇಲೆ ಅವನಿಗೆ ತಿಳಿಯಿತು. ಸುಂಕದಲ್ಲಿ ಕಾಲು ಪಾಲು ಊರುಗಳಿಗೇ ಹಿಂತಿರುಗಲಿ, ಏನು ಮಾಡಬೇಕೆಂಬುದನ್ನು ಊರಿನ ಹಿರಿಯರೇ ಕೂತು ತೀರ್ಮಾನಿಸಲಿ ಎಂದು ಸಾರಿಸಿದ.

ಹಂಚುವವರು ಯಾರು? ಮಂತ್ರಿಗೆ ಅಳಿಯಂದಿರಿದ್ದರು. ಸೇನಾಪತಿಗೆ ಭಾವಮೈದುನರಿದ್ದರು. ಎಲ್ಲರೂ ಸಾಲಾಗಿ ನಿಂತರು. ಅರಸ ಅವರನ್ನೆಲ್ಲ ಬಿಟ್ಟು ಪೇಟೆಯಿಂದ ಒಬ್ಬ ವ್ಯಾಪಾರಿಯನ್ನು ಕರೆಸಿದ. ಅವನು ಅರಿಸಿನ ಮಾರುವವನು. ಮೂವತ್ತು ವರ್ಷದಲ್ಲಿ ಅವನ ತಕ್ಕಡಿಯ ಬಗ್ಗೆ ಒಂದು ದೂರು ಬಂದಿರಲಿಲ್ಲ. ತೂಗಿದ ಮೇಲೆ ಕೈಗೆ ಅಂಟಿದ ಪುಡಿಯನ್ನೂ ಗಿರಾಕಿಯ ಪೊಟ್ಟಣಕ್ಕೇ ಕೊಡವುತ್ತಿದ್ದ. ಅಂಥವನು. ಅರಸ ಅವನಿಗೆ ಹಂಚುವ ಅಧಿಕಾರ ಕೊಟ್ಟ.

ಮೊದಲ ವರ್ಷ ವ್ಯಾಪಾರಿ ಹೆಚ್ಚು ಯೋಚಿಸಲಿಲ್ಲ. ರಾಜ್ಯದಲ್ಲಿ ಎಂಬತ್ತಾರು ಊರು. ಎಂಬತ್ತಾರು ಸಮ ಪಾಲು ಮಾಡಿ ಕಳಿಸಿದ. ದೊಡ್ಡದೊಂದು ಊರಿನಲ್ಲಿ ಒಂಬೈನೂರು ಮನೆ. ಅಲ್ಲಿ ಚರಂಡಿ ಅರ್ಧ ಬೀದಿಗೆ ಬರುವಷ್ಟರಲ್ಲಿ ಹಣ ತೀರಿತು. ಮೂಲೆಯ ಒಂದು ಊರಿನಲ್ಲಿ ಹನ್ನೆರಡು ಮನೆ. ಬಂದ ಹಣ ಏನು ಮಾಡಬೇಕೆಂದು ಅವರಿಗೆ ತಿಳಿಯದೆ ಊರ ಮುಂದೆ ಒಂದು ದೊಡ್ಡ ಕಮಾನು ಕಟ್ಟಿಸಿ, ಅದಕ್ಕೆ ಎಮ್ಮೆ ಕಟ್ಟಿದರು. ವ್ಯಾಪಾರಿ ಆ ಕಮಾನನ್ನೂ ನೋಡಿದ, ಎಮ್ಮೆಯನ್ನೂ ನೋಡಿದ. ತಲೆ ತಗ್ಗಿಸಿ ಮನೆಗೆ ಬಂದ.

ಎರಡನೆಯ ವರ್ಷ ಜನರ ಲೆಕ್ಕದ ಮೇಲೆ ಹಂಚುತ್ತೇನೆ ಎಂದ. ತಲೆ ಎಷ್ಟೆಂದು ಊರುಗಳನ್ನು ಕೇಳಿದ. ಊರಿನವರು ಸತ್ತವರನ್ನೂ ಸೇರಿಸಿದರು, ಹೊಟ್ಟೆಯಲ್ಲಿದ್ದವರನ್ನೂ ಸೇರಿಸಿದರು. ಒಂದೂರಿನಲ್ಲಂತೂ ಪಾಳು ಗುಡಿಯ ಬೈರಾಗಿ ಮೂರು ಬೀದಿಗಳಲ್ಲಿ ಮೂರು ಸಲ ಎಣಿಕೆಗೆ ಸಿಕ್ಕ. ಇದಾಗದು ಎಂದು ವ್ಯಾಪಾರಿ ತಲೆ ಬಿಟ್ಟು ಒಲೆ ಹಿಡಿದ. ಉರಿಯುವ ಒಲೆಗೊಂದು ಪಾಲು. ಆಗ ಜನ ಒಂದೇ ಮನೆಯಲ್ಲಿ ಎರಡೆರಡು ಒಲೆ ಹೂಡಿದರು. ಅವನು ಅದಕ್ಕೂ ಉಪಾಯ ಕಂಡುಕೊಂಡ. ಒಲೆಯ ಹಿಂದಿನ ಗೋಡೆಗೆ ಬೆರಳು ಒತ್ತಿ ನೋಡುತ್ತಿದ್ದ. ಹಳೆಯ ಒಲೆಯ ಹಿಂದೆ ಮಸಿ ದಪ್ಪವಾಗಿರುತ್ತದೆ, ನಿನ್ನೆ ಹೂಡಿದ ಒಲೆಯ ಹಿಂದೆ ಇರುವುದಿಲ್ಲ. ಹೀಗೆ ಒಂದು ನಿಯಮವಾಯಿತು. ಗೋಡೆಯಲ್ಲಿ ಮಸಿ ಇರಬೇಕು, ಒಲೆಯಲ್ಲಿ ಬೆಂಕಿಯೂ ಇರಬೇಕು. ಎರಡೂ ಇದ್ದರೆ ಆ ಮನೆಗೆ ಪಾಲು ಉಂಟು. ಅರಸ ಅವನ ಬೆನ್ನು ತಟ್ಟಿದ. ಮಂತ್ರಿಯ ಅಳಿಯಂದಿರಿಗೂ ಅದರಲ್ಲಿ ಕೊಂಕು ತೆಗೆಯಲಾಗಲಿಲ್ಲ.

ಎಣಿಕೆಗೆ ಅವನು ಮಾಘ ಮಾಸ ಆರಿಸಿಕೊಂಡ. ಆಗ ಸುಗ್ಗಿ ಮುಗಿದಿರುತ್ತದೆ, ದಾರಿ ಒಣಗಿರುತ್ತದೆ, ಬಂಡಿ ಸಲೀಸಾಗಿ ಓಡುತ್ತದೆ. ಬಂಡಿಗೆ ಯಾವ ತಿಂಗಳು ಅನುಕೂಲ ಎಂದು ಯೋಚಿಸಿದನೇ ಹೊರತು ಬೇರೆ ಯಾರಿಗೆ ಯಾವ ತಿಂಗಳು ಅನುಕೂಲ ಎಂದು ಅವನು ಕೇಳಲಿಲ್ಲ.

ಎಪ್ಪತ್ತು ಊರು ಮುಗಿಸಿ ಅವನು ಬೋಳುಗುಡ್ಡದ ಕೆಳಗಿನ ಒಂದು ಹಟ್ಟಿಗೆ ಬಂದ. ಅದು ಕುರಿಗಾರರ ಹಟ್ಟಿ, ಅರವತ್ತು ಮನೆ. ಒಂದು ನಾಯಿಯೂ ಬೊಗಳಲಿಲ್ಲ. ಬಾಗಿಲುಗಳನ್ನು ಹಗ್ಗದಿಂದ ಕಟ್ಟಿದ್ದರು. ವ್ಯಾಪಾರಿ ಮೊದಲ ಮನೆಯ ಹಗ್ಗ ಬಿಚ್ಚಿ ಒಳಗೆ ಹೋದ. ಗೋಡೆಗೆ ಬೆರಳು ಒತ್ತಿದ. ಬೆರಳು ಕಪ್ಪಾಯಿತು. ಒಲೆ ಮಾತ್ರ ತಣ್ಣಗಿತ್ತು. ಹಗ್ಗ ಮತ್ತೆ ಕಟ್ಟಿ ಎರಡನೆಯ ಮನೆಗೆ ಹೋದ, ಮೂರನೆಯ ಮನೆಗೆ ಹೋದ. ಐವತ್ತೊಂಬತ್ತು ಮನೆಯಲ್ಲೂ ದಪ್ಪ ಮಸಿ, ತಣ್ಣನೆಯ ಒಲೆ. ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಒಲೆ ಊದುತ್ತಿದ್ದಳು. ಅವಳಿಗೆ ನಡೆಯಲಾಗುತ್ತಿರಲಿಲ್ಲ, ಅದಕ್ಕೇ ಉಳಿದಿದ್ದಳು.

"ಉಳಿದವರು ಎಲ್ಲೆವ್ವಾ?" ಎಂದು ವ್ಯಾಪಾರಿ ಕೇಳಿದ.

"ಕುರಿ ಹಿಂದ ಹೋಗ್ಯಾರಪ್ಪಾ. ದೀಪಾವಳಿ ಮುಗಿಸಿ ಹ್ವಾದ್ರ ಮುಂಗಾರಿಗೆ ಬರೂದು. ಇವತ್ತು ಯಾವ ಹೊಲದಾಗ ಒಲಿ ಹೂಡ್ಯಾರೋ ಏನೋ" ಎಂದಳು ಮುದುಕಿ. ಕೂತಲ್ಲಿಂದಲೇ ಬಾವಿಯ ಕಡೆ ಕೈ ಮಾಡಿದಳು. ಹೋದ ಮಳೆಗೆ ಬಾವಿ ಕುಸಿದು ಅರ್ಧ ಮುಚ್ಚಿಹೋಗಿತ್ತು. ಮೂರು ದಿನಕ್ಕೊಮ್ಮೆ ಕುಂಬಾರನೊಬ್ಬ ಕತ್ತೆಯ ಮೇಲೆ ತಂದು ಹಾಕುವ ಎರಡು ಕೊಡ ನೀರಿನಲ್ಲಿ ಅವಳ ಜೀವನ ನಡೆಯುತ್ತಿತ್ತು. "ಅರಸನ ಪಾಲು ಬಂದ್ರ ಕಲ್ಲು ಕಟ್ಟಸ್ತೀವಿ ಅಂತ ಹೇಳಿ ಹೋಗ್ಯಾರ. ಬಂದಿ ಬಿಡು, ಪುಣ್ಯಾತ್ಮ."

ಈ ಹಟ್ಟಿಯಲ್ಲಿ ಅರವತ್ತು ಸಂಸಾರ ಇರುವುದು ವ್ಯಾಪಾರಿಗೆ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದು ಅವನೂ ಮುಂದೆ ಎಂದೂ ಹೇಳಲಿಲ್ಲ. ಆದರೆ ನಿಯಮ ಅವನದೇ. ಇಲ್ಲಿ ತಣ್ಣನೆಯ ಒಲೆಯನ್ನು ಎಣಿಸಿದರೆ ನಾಳೆ ಎಂಬತ್ತಾರು ಊರಿನವರೂ ದನದ ಕೊಟ್ಟಿಗೆಯಲ್ಲಿ ತಣ್ಣನೆಯ ಒಲೆ ತೋರಿಸುತ್ತಾರೆ ಎಂದು ಹೆದರಿದ. ಬೆರಳಿನ ಮಸಿ ಒರೆಸಿಕೊಂಡು ಓಲೆಯಲ್ಲಿ ಬರೆದ: ಒಲೆ ಒಂದು. ಆ ದಿನ ಅವನಿಗೆ ಊಟ ಸೇರಲಿಲ್ಲ. ಬರೆದದ್ದನ್ನು ಅಳಿಸಲೂ ಇಲ್ಲ.

ಹಟ್ಟಿಗೆ ಒಂದು ಒಲೆಯ ಪಾಲು ಬಂತು. ಅದರಲ್ಲಿ ಬಾವಿಗೆ ಒಂದು ಹೊಸ ಹಗ್ಗ ಬಂತು. ಬಾವಿಯಲ್ಲಿ ಸೇದಲು ನೀರಿರಲಿಲ್ಲ.

ಮುಂಗಾರಿಗೆ ಕುರಿಗಾರರು ತಿರುಗಿ ಬಂದರು. ಹೊಸ ಹಗ್ಗವನ್ನು ನೋಡಿದರು. ಅವರಲ್ಲಿ ಹಿರಿಯನಾದ ಒಬ್ಬ ಕುರಿಗಾರ ಮಂದೆಯ ಮುಂದಾಳು ಟಗರನ್ನು ಹಿಡಿದುಕೊಂಡು ರಾಜಧಾನಿಯ ದಾರಿ ಹಿಡಿದ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಮಂದೆ ಒಂದೂರಿನ ಸೀಮೆಗೆ ಬಂದರೆ ಕುರಿಗಾರ ಹುಲ್ಲಿನ ಸುಂಕ ಕೊಡಬೇಕು. ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಊರ ತಳವಾರ ಮುಂದಾಳು ಟಗರಿನ ಕೊಂಬಿಗೆ ತನ್ನೂರಿನ ಬಣ್ಣದ ಪಟ್ಟಿ ಬಳಿಯುತ್ತಿದ್ದ. ಒಂದೂರಿನದು ಕೆಮ್ಮಣ್ಣು, ಒಂದೂರಿನದು ಸುಣ್ಣ, ಇನ್ನೊಂದರದು ಬಂಡಿಯ ಕಪ್ಪು ಕೀಲೆಣ್ಣೆ. ಆ ಪಟ್ಟಿ ಇಲ್ಲದ ಮಂದೆ ಆ ಸೀಮೆಯಲ್ಲಿ ಒಂದು ಎಸಳು ಹುಲ್ಲು ಮುಟ್ಟುವಂತಿರಲಿಲ್ಲ.

ಕುರಿಗಾರ ಟಗರನ್ನು ವ್ಯಾಪಾರಿಯ ಅಂಗಳದಲ್ಲಿ ನಿಲ್ಲಿಸಿ ಅದರ ಕೊಂಬು ಹಿಡಿದು ತೋರಿಸಿದ. ವ್ಯಾಪಾರಿ ಎಣಿಸಿದ. ಎರಡು ಕೊಂಬಿಗೂ ಸೇರಿ ಹನ್ನೊಂದು ಪಟ್ಟಿ.

"ಸುಂಕ ತಗೋವಾಗ ಹನ್ನೊಂದು ಊರಾಗ ನಮ್ಮನ್ನ ಎಣಿಸೀರಿ. ಪಾಲು ಕೊಡುವಾಗ ನಮ್ಮೂರಾಗೂ ನಾವು ಕಾಣಲಿಲ್ಲೇನ್ರಿ?" ಎಂದ ಕುರಿಗಾರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವ್ಯಾಪಾರಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಹನ್ನೊಂದು ಊರಿನಲ್ಲಿ ಇವರು ಕೊಟ್ಟ ಸುಂಕ ಬೊಕ್ಕಸಕ್ಕೆ ಬಂದಿತ್ತು. ಅದರ ಕಾಲು ಪಾಲು ಬೇರೆ ಊರುಗಳಿಗೆ ಹೋಗಿತ್ತು. ಆ ದೊಡ್ಡ ಊರಿನ ಅರ್ಧ ಚರಂಡಿ ಅದರಲ್ಲಿ ಪೂರ್ತಿಯಾಗಿತ್ತು. ಅದನ್ನು ಅಗೆದು ಹಿಂದಕ್ಕೆ ತರುವುದು ಹೇಗೆ? ವ್ಯಾಪಾರಿಗೆ ನಾಚಿಕೆಯಾಯಿತು. ಅವನು ಕುರಿಗಾರನ ಎರಡೂ ಕೈ ಹಿಡಿದುಕೊಂಡ. "ತಪ್ಪು ನಂದು. ಈ ವರ್ಷದ್ದು ಹಂಚಿ ಮುಗದದ. ಬರೂ ವರ್ಷ ಮಳಿಗಾಲದಾಗ ನಾನs ಬರ್ತೀನಿ. ಅರವತ್ತು ಪಾಲು ತರ್ತೀನಿ" ಎಂದ.

"ನೀರಡಿಕಿಗೆ ಬರೂ ವರ್ಷ ಬಾ ಅಂತ ಹೇಳಾಕ ಬರ್ತದೇನ್ರಿ?" ಎಂದ ಕುರಿಗಾರ. ಟಗರನ್ನು ಹಿಡಿದುಕೊಂಡು ಹೊರಟು ಹೋದ.

ವ್ಯಾಪಾರಿ ಮಾತಿಗೆ ತಪ್ಪುವವನಲ್ಲ. ನಿಯಮ ತಿದ್ದಿದ. ಯಾವ ಊರಿನವರು ಯಾವ ತಿಂಗಳು ಊರಲ್ಲಿರುತ್ತಾರೆ ಎಂದು ಮೊದಲು ಕೇಳಿ, ಆಮೇಲೆ ಎಣಿಸಬೇಕು ಎಂದು ಬರೆಸಿದ. ಮರುವರ್ಷ ಮುಂಗಾರು ಹಿಡಿದ ಕೂಡಲೇ ಅರವತ್ತು ಪಾಲು ಹೇರಿಕೊಂಡು ಹೊರಟ. ಕೆಸರಿನಲ್ಲಿ ಬಂಡಿ ಹೂತಿತು. ಬಂಡಿ ಬಿಟ್ಟು ಎತ್ತಿನ ಬೆನ್ನಿಗೆ ಚೀಲ ಹೊರಿಸಿ, ಮೊಣಕಾಲುದ್ದ ಕೆಸರು ತುಳಿಯುತ್ತ ನಾಲ್ಕು ದಿನ ನಡೆದ. ಈ ವಯಸ್ಸಿನಲ್ಲಿ ಅವನು ಪಟ್ಟ ಪಾಡು ಅವನಿಗೇ ಗೊತ್ತು.

ಹಟ್ಟಿ ಸಿಕ್ಕಿತು. ಬಾಗಿಲಿಗೆ ಹಗ್ಗ ಕಟ್ಟಿರಲಿಲ್ಲ, ಬಾಗಿಲುಗಳೇ ಇರಲಿಲ್ಲ. ಮೇಲಿನ ತೊಲೆಗಳೂ ಇರಲಿಲ್ಲ. ಮಳೆ ಸೀದಾ ಒಲೆಗಳ ಮೇಲೆ ಬೀಳುತ್ತಿತ್ತು. ಅವನು ಅರವತ್ತು ಮನೆಯನ್ನೂ ನೋಡಿದ. ಈ ಸಲ ಮುದುಕಿಯ ಒಲೆಯೂ ತಣ್ಣಗಿತ್ತು. ಪಕ್ಕದ ಹೊಲದಲ್ಲಿ ಒಬ್ಬ ರೈತ ನಿಂತ ನೀರು ಹರಿದುಹೋಗಲು ಬದು ಕಡಿಯುತ್ತಿದ್ದ. ಅವನನ್ನು ಕೇಳಿದ. ನೀರಿಲ್ಲದೆ ಇರಲಾರದೆ ಹಟ್ಟಿಯವರು ಹೊಳೆಯಾಚೆಯ ರಾಜ್ಯಕ್ಕೆ ಹೋದರು, ಮುದುಕಿಯನ್ನು ತಟ್ಟು ಕುದುರೆಯ ಮೇಲೆ ಕೂರಿಸಿಕೊಂಡು ಹೋದರು, ಇನ್ನು ಬರುವುದಿಲ್ಲವಂತೆ ಎಂದ ರೈತ.

ವ್ಯಾಪಾರಿ ಕುಸಿದ ಬಾವಿಯ ಪಕ್ಕದಲ್ಲಿ ಅರವತ್ತು ಪಾಲು ಇಟ್ಟುಕೊಂಡು ಮಳೆಯಲ್ಲಿ ಕೂತ. ಅವನ ನಿಯಮ ಈಗ ಸರಿಯಾಗಿತ್ತು, ಊರು ಇರಲಿಲ್ಲ. ಅವನು ಮುಖ ಮುಚ್ಚಿಕೊಂಡು ಅತ್ತ.

ಇಲ್ಲಿಗೆ ಅಜ್ಜಾರು ಕತೆ ನಿಲ್ಲಿಸಿದರು. ಕಸ್ತೂರೆವ್ವ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿಯುವುದನ್ನೇ ಮರೆತಿದ್ದಳು.

"ಪಾಪ, ಅಂವಾ ಏನು ಮಾಡ್ಯಾನ್ರಿ ಅಜ್ಜಾರ? ನಿಯಮ ಹೆಂಗ ಐತೋ ಹಂಗ ನಡದಾನ. ಕೆಟ್ಟಾಂವಲ್ಲ ಬಿಡ್ರಿ" ಎಂದಳು.

"ಕೆಟ್ಟಾಂವ ಯಾಕ ಆಗ್ತಾನವ್ವಾ? ನಿನ್ನಷ್ಟs ಒಳ್ಳೆಯಾಂವ" ಎಂದರು ಅಜ್ಜಾರು. ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವಳ ಮುಖವನ್ನೇ ನೋಡಿದರು.

"ಆ ತಾಂಡಾದಾಗ ಹದಿನಾಲ್ಕು ವರ್ಷ ಅಂಗನವಾಡಿ ನಡಿಸಿದಾಕಿ ನೀನು, ದೂರದ ಸೀಮಿಗೆ ಕಬ್ಬು ಕಡಿಯಾಕ ಹ್ವಾದ ಅವ್ವ-ಅಪ್ಪನ ಬೆನ್ನು ಹತ್ತಿ ಕೂಸುಗಳೂ ಹೋಗಿ ಅಂಗನವಾಡಿಗೆ ಬರದ ತಿಂಗಳು ಯಾವ್ಯಾವು ಅಂತ ಸಭಾ ಕರದಾಗ ನಿನಗ ಗೊತ್ತಿದ್ದಿಲ್ಲೇನು, ತಾಯಿ?"