ಚಾಪೆಯಗಲದ ಅಂಗಳಕ್ಕೆ ದೊರೆಯ ಹಂಡೆ ಬಂದದ್ದು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಕೇಳಿದರೆ ನಿಮ್ಮ ಊರಿನ ಹೆಸರನ್ನೇ ಹೇಳಿಬಿಡುತ್ತೇನೆ, ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡ ಜವರಪ್ಪ. ಜವರಪ್ಪನಿಗೆ ಮಂಡಿ ನೋವು. ಹೊಸ್ತಿಲು ದಾಟಿ ಅಂಗಳಕ್ಕೆ ಬಂದರೆ ಅದೇ ಅವನ ಕಾಶಿ, ಅದೇ ಅವನ ರಾಮೇಶ್ವರ. ಆ ಅಂಗಳವೋ, ಒಂದು ಚಾಪೆ ಹಾಸಿದರೆ ಮುಗಿಯಿತು. ಚಾಪೆಯ ಅಂಚು ಬೀದಿಗೆ ಬೀಳುತ್ತಿತ್ತು.

ಅಂಗಳದ ತುಂಬ ಚಪ್ಪಡಿ ಕಲ್ಲು. ಬಿಸಿಲಿಗೆ ಕಾದು ಹೆಂಚಾಗುತ್ತಿತ್ತು. ಸಂಜೆ ಜವರಪ್ಪ ಅಲ್ಲಿ ಕೂತರೆ ರೊಟ್ಟಿಯ ಹಾಗೆ ಒಂದು ಮಗ್ಗುಲು ಬೇಯಿಸಿಕೊಂಡು ಇನ್ನೊಂದು ಮಗ್ಗುಲಿಗೆ ತಿರುಗಬೇಕು. ಹೊಂಬಾಳಮ್ಮನಿಗೆ ಇದನ್ನು ನೋಡಲಾಗಲಿಲ್ಲ. ನಾಲ್ಕು ಗಿಡ ಇಟ್ಟರೆ ತಂಪಾದೀತು ಅಂದುಕೊಂಡಳು. ಕಲ್ಲಿನಲ್ಲಿ ಗಿಡ ಹೇಗೆ ಬರುತ್ತೆ? ಹಿಡಿ ಹೋದ ಬಾಂಡ್ಲಿ, ಬಾಯಿ ಮುರಿದ ಹೂಜಿ, ಜವರಪ್ಪನ ಮದುವೆಯ ಪೇಟ, ಎಲ್ಲಕ್ಕೂ ಮಣ್ಣು ತುಂಬಿದಳು. ದೊಡ್ಡಪತ್ರೆ ನೆಟ್ಟಳು, ತುಳಸಿ ನೆಟ್ಟಳು, ಕನಕಾಂಬರ ನೆಟ್ಟಳು.

ಗಿಡಗಳು ಚಿಗುರಿದವು. ಬೀದಿಯಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಗಾಳಿ, ಇದೇನು ಚೆನ್ನಾಗಿದೆಯಲ್ಲ ಅಂತ ಒಳಗೆ ಬಂದು, ಕಾಲು ತೊಳೆದುಕೊಂಡು ಕೂತಿತು. ಗಂಡ, ಹೆಂಡತಿ, ಗಾಳಿ ಮೂವರೂ ಊರ ಸುದ್ದಿ ಮಾತಾಡುತ್ತ ಕತ್ತಲಾಗುವವರೆಗೂ ಹಾಯಾಗಿದ್ದರು. ಕತೆ ಇಲ್ಲಿಗೇ ನಿಂತಿದ್ದರೆ ನಾನೂ ಮನೆಗೆ ಹೋಗಿ ಉಣ್ಣಬಹುದಿತ್ತು. ನಿಲ್ಲಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ನಿಮ್ಮಲ್ಲೂ ಇದೆ, ಇಲ್ಲ ಅನ್ನಬೇಡಿ. ಬೇರೆ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಆದರೆ ಆ ಊರಿನ ದೊರೆ ತಪ್ಪಲೆಭೂಪಾಲನ ಹಾಗೆ ಪಾಲಿಸಿದವರು ಯಾರೂ ಇಲ್ಲ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಯಾರೂ ತನಗೆ ತಾನು ಕೊಟ್ಟದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಕೊಡಬಾರದು, ಅದೊಂದೇ ಚಿಂತೆ. ಆ ಚಿಂತೆಯಲ್ಲೇ ಸೊರಗಿ ಸೊರಗಿ ಅವನ ಕಿರೀಟ ಹೆಗಲಿಗೆ ಇಳಿದಿತ್ತು.

ದೊರೆಯ ಹುಟ್ಟುಹಬ್ಬಕ್ಕೆ ಮನೆಮನೆಗೂ ಒಂದೊಂದು ಚೊಂಬು ಪಾಯಸ ಬಂತು. ಹೊಂಬಾಳಮ್ಮನ ಮನೆಗೂ ಬಂತು. ಕುಡಿದರು, ಚೊಂಬು ತೊಳೆದಿಟ್ಟರು. ಬೆಳಗ್ಗೆ ಚೊಂಬು ಗಂಟಲು ಸರಿಮಾಡಿಕೊಂಡು, ನಾನಿನ್ನು ಹೊರಡಬೇಕು, ಏನು ಹಾಕ್ತೀಯಮ್ಮ ಅಂತ ಕೇಳಿತು. ಮನೆಯಲ್ಲಿ ಸಕ್ಕರೆ ಇರಲಿಲ್ಲ. ಹೊಂಬಾಳಮ್ಮ ಒಂದು ಹಿಡಿ ಮಣ್ಣು ಹಾಕಿ, ದೊಡ್ಡಪತ್ರೆಯ ಕಡ್ಡಿ ಚುಚ್ಚಿ ಕಳಿಸಿದಳು.

ದೊರೆ ನೋಡಿ ಹೌಹಾರಿದ. "ಪಾಯಸ ಕುಡಿದರೆ ಮುಗೀತು. ಇವಳು ಬೆಳೆಯೋ ವಸ್ತು ಕಳಿಸಿದ್ದಾಳಲ್ಲಯ್ಯ. ನಾನು ನಿದ್ದೆ ಮಾಡುವಾಗಲೂ ಇದು ಬೆಳೀತಾ ಇರುತ್ತೆ," ಅಂದ. ಎಲೆ ಕಿತ್ತು ಬಜ್ಜಿ ಮಾಡಿಸೋಣ ಅಂತ ಮಂತ್ರಿ ಸಲಹೆ ಕೊಟ್ಟ. ಕಿತ್ತ ಕಡೆ ಎರಡು ಕುಡಿ ಬಂತು. ದೊರೆ ಇನ್ನೂ ಬೆವೆತ.

ಮರುದಿನ ಅರಮನೆಯಿಂದ ಒಂದು ಬಿಂದಿಗೆ ಬಂತು, ಅದರಲ್ಲಿ ಗುಲಾಬಿ ಗಿಡ. ಹೊಂಬಾಳಮ್ಮ ಗಿಡವನ್ನು ಮುರುಕು ಬುಟ್ಟಿಗೆ ಬದಲಿಸಿ, ಬಿಂದಿಗೆಗೆ ಮನೆಯ ಈರುಳ್ಳಿಯನ್ನೆಲ್ಲ ಹಾಕಿ ಕಳಿಸಿದಳು. ಈರುಳ್ಳಿಯೊಳಗೆ ಈರುಳ್ಳಿ, ಅದರೊಳಗೆ ಇನ್ನೊಂದು ಈರುಳ್ಳಿ, ಇದು ಬಹಳವಾಯಿತು ಅಂತ ದೊರೆ ತಪ್ಪಲೆಯಲ್ಲಿ ಸಂಪಿಗೆ ಮರ ಕಳಿಸಿದ. ಅವಳು ತಪ್ಪಲೆಗೆ ಒರಳುಕಲ್ಲು ಹಾಕಿದಳು. ಕಲ್ಲು ಬೇರೆ, ಅದರ ಗುಳಿ ಬೇರೆ, ಎರಡಾಯಿತು ಅಂತ ದೊರೆ ಕೊಳಗದಲ್ಲಿ ಹಲಸಿನ ಮರ ಕಳಿಸಿದ. ಅವಳು ಮನೆಯ ಬಾಗಿಲು ಕಿತ್ತು ಕೊಳಗಕ್ಕೆ ಹಾಕಿದಳು. ಅದು ಕಿರ್ರೆನ್ನುವುದನ್ನು ಕೇಳಿ, ಜೊತೆಗೆ ಸಂಗೀತವೂ ಬಂತಲ್ಲ ಅಂತ ದೊರೆಗೆ ದಿಗಿಲಾಯಿತು. ಕೊಪ್ಪರಿಗೆಯಲ್ಲಿ ಆನೆ ಬಂತು. ಆನೆಯ ಬುಡಕ್ಕೂ ಮಣ್ಣು ಹಾಕಿ, ನೀರು ಚಿಮುಕಿಸಿ ಕಳಿಸಿದ್ದರು. ಹೊಂಬಾಳಮ್ಮನ ಹತ್ತಿರ ಇನ್ನೇನೂ ಇರಲಿಲ್ಲ. ಜವರಪ್ಪನ ಗೊರಕೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಪ್ಪರಿಗೆಗೆ ಹಾಕಿದಳು. ಆಸ್ಥಾನದಲ್ಲಿ ಗಂಟು ಬಿಚ್ಚಿದ್ದೇ ತಡ, ಮಂತ್ರಿಗಳೆಲ್ಲ ಮಲಗಿಬಿಟ್ಟರು. ರಾಜ್ಯ ಮೊದಲಿಗಿಂತ ಚೆನ್ನಾಗಿ ನಡೆಯಿತು.

ಇತ್ತ ಅಂಗಳ ಏನಾಯಿತು ಹೇಳಿ. ಗುಲಾಬಿ ಬಂದಾಗ ಜವರಪ್ಪ ಚಾಪೆಯನ್ನು ಅರ್ಧಕ್ಕೆ ಮಡಿಸಿದ. ಸಂಪಿಗೆ ಬಂದಾಗ ಇನ್ನೊಂದು ಮಡಿಕೆ ಹಾಕಿದ. ಹಲಸು ಬಂದಾಗ ಚಾಪೆ ಸುತ್ತಿ ಅದರ ಮೇಲೆ ಕೂತ. ಆನೆ ಬಂದಾಗ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಗಾಳಿಯೂ, ನಿಮಗೇ ಜಾಗ ಇಲ್ಲವಲ್ಲ ಅಂತ ಸಂಕೋಚಪಟ್ಟು ಎದ್ದುಹೋಯಿತು. ಜವರಪ್ಪ ಬೈಯಲಿಲ್ಲ, ಗೊಣಗಲೂ ಇಲ್ಲ. ಊಟ ಕೊಟ್ಟರೆ ಗೋಡೆ ನೋಡುತ್ತಲೇ ಉಂಡ. ಇವರಿಗೋಸ್ಕರ ಇಟ್ಟ ಗಿಡ ಇವರನ್ನೇ ಒಳಗೆ ತಳ್ಳಿತಲ್ಲ ಅಂತ ಹೊಂಬಾಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅರಮನೆಯಲ್ಲೂ ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಗೊರಕೆಗೆ ಸಮನಾದದ್ದು ಏನು ಕಳಿಸುವುದು? ದೊರೆ ಯೋಚಿಸಿದ, ಅತ್ತ, ಕೊನೆಗೆ ದೊಡ್ಡ ತಾಮ್ರದ ಹಂಡೆ ತರಿಸಿ ತಾನೇ ಅದರಲ್ಲಿ ನಿಂತುಕೊಂಡ. ಮಂಡಿಯವರೆಗೆ ಮಣ್ಣು ಹಾಕಿಸಿಕೊಂಡ. ಬಾಡಬಾರದು ಅಂತ ಆಳುಗಳು ದಾರಿಯುದ್ದಕ್ಕೂ ಅವನ ಬುಡಕ್ಕೆ ನೀರು ಹೊಯ್ಯುತ್ತ ಹೊತ್ತು ತಂದರು. ಆನೆಗೂ ಹಲಸಿಗೂ ನಡುವೆ ತುರುಕಿ ಇಟ್ಟರು.

ಹಂಡೆ ಬಾಯಿ ತೆರೆಯಿತು. ದೊರೆಯನ್ನು ಬೇಗ ಬೇರೆ ಕಡೆ ನೆಡಬೇಕಂತೆ, ತಾನು ಸಂಜೆಯೊಳಗೆ ಹೊರಡಬೇಕಂತೆ, ಬರಿದಾಗಿಯಂತೂ ಹೋಗುವುದಿಲ್ಲವಂತೆ. ಮನೆಯಲ್ಲಿ ಒಂದು ಕಡ್ಡಿಯೂ ಇಲ್ಲ ಅಂದಳು ಹೊಂಬಾಳಮ್ಮ. ಹಂಡೆ ಕತ್ತು ಉದ್ದ ಮಾಡಿ ಬಾಗಿಲಿಲ್ಲದ ಮನೆಯೊಳಗೆ ಇಣುಕಿತು.

"ಗೋಡೆ ಕಡೆ ಮುಖ ಮಾಡಿ ಒಬ್ಬ ಕೂತವ್ನಲ್ಲ, ಅವ್ನನ್ನ ಹಾಕು," ಅಂದಿತು.

ಆಳುಗಳು ತೋಳು ಮಡಿಸಿದರು. ಜವರಪ್ಪ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದ.

"ಹೋಯ್ತೀನಿ ಬಿಡು ಹೊಂಬಾಳಿ. ಇಲ್ಲಿ ನಾನು ಕೂರಕ್ಕೆ ಜಾಗ ಎಲ್ಲದೆ?" ಅಂದ.

ಹೊಂಬಾಳಮ್ಮನಿಗೆ ಎಲ್ಲಿತ್ತೋ ಸಿಟ್ಟು. ದೊರೆಗೆ ನಾಲ್ಕು ಮಾತು ಅಂದೇಬಿಡುತ್ತೇನೆ ಅಂತ ತಿರುಗಿದಳು. ನೋಡುತ್ತಾಳೆ, ದೊರೆ ಹಳದಿಯಾಗಿದ್ದಾನೆ. ಮೀಸೆ ಜೋತುಬಿದ್ದಿದೆ. ಹಂಡೆಯಲ್ಲಿ ಮಂಡಿಯುದ್ದ ನೀರು ನಿಂತಿದೆ. ಗಿಡ ಸಾಕಿದ ಕೈ ಅದು, ಸುಮ್ಮನಿದ್ದೀತೇ? ಸಿಟ್ಟು ಮರೆತೇಹೋಯಿತು.

"ಯಾವನಪ್ಪಾ ಇವ್ರಿಗೆ ಹಿಂಗೆ ನೀರು ಹುಯ್ದೋನು? ಬೇರು ಕೊಳೀತಾ ಅದೆ," ಅಂದವಳೇ ಪಕ್ಕದ ಮನೆಯಿಂದ ಉಳಿ, ಸುತ್ತಿಗೆ ತಂದು ಹಂಡೆಯ ಬುಡಕ್ಕೆ ಒಂದು ತೂತು ಹೊಡೆದಳು.

ನೀರೆಲ್ಲ ಬಸಿದು ಬೀದಿಗೆ ಹರಿಯಿತು. ದೊರೆಯ ಕೆನ್ನೆಗೆ ಬಣ್ಣ ಬಂತು. ಹಂಡೆ ಮಾತ್ರ ಗೊಳೋ ಅಂತ ಅಳತೊಡಗಿತು. ತೂತಾದ ಮೈ ಹೊತ್ತು ಯಾವ ಮುಖದಲ್ಲಿ ಅರಮನೆಗೆ ಹೋಗಲಿ ಅಂತ ಅದರ ಗೋಳು.

"ಹೋಗ್ಬೇಡ," ಅಂದಳು ಹೊಂಬಾಳಮ್ಮ. "ಬುಡ ತೂತಾದ್ಮೇಲೆ ನೀನು ಪಾತ್ರೆ ಅಲ್ಲ, ಕುಂಡ. ಕುಂಡಾನ ಯಾರೂ ವಾಪಸ್ ಕೇಳಲ್ಲ."

ದೊರೆ ಬೆರಳು ಮಡಿಸಿ ಯೋಚಿಸಿದ. ವಾಪಸು ಹೋಗದಿದ್ದರೆ ತುಂಬಿಸುವ ಹಾಗಿಲ್ಲ. ತುಂಬಿಸದಿದ್ದರೆ ಸರಿಗಟ್ಟುವ ಹಾಗಿಲ್ಲ. ಎಲ್ಲಾದರೂ ತಪ್ಪಿದೆಯೇ ಅಂತ ಹುಡುಕಿದ. ಸಿಗಲಿಲ್ಲ.

"ಹಾಗಾದರೆ ನಾನಿನ್ನು ಯಾರಿಗೂ ಏನೂ ಸರಿಗಟ್ಟಬೇಕಾಗಿಲ್ಲವೇನಮ್ಮ?" ಅಂತ ಕೇಳಿದ. ಅವನ ದನಿ ಮಗುವಿನದಾಗಿತ್ತು.

"ಬೇಕಾಗಿಲ್ಲ ಬುದ್ಧೀ. ಕಾಲು ಒರೆಸ್ಕಳಿ, ಶೀತ ಆಯ್ತದೆ."

ದೊರೆ ಹಂಡೆಯಿಂದ ಇಳಿದ. ಹೊರಡ್ರೋ ಅಂದ. ಆನೆ ಮಣ್ಣು ಕೊಡವಿಕೊಂಡಿತು. ಹಲಸು, ಸಂಪಿಗೆ, ಗುಲಾಬಿ ಬೇರು ಎತ್ತಿ ಕಟ್ಟಿಕೊಂಡು ಅವನ ಹಿಂದೆ ಸಾಲಾಗಿ ನಡೆದುಹೋದವು. ಎದುರಿಗೆ ಬಾಗಿಲು ಒಬ್ಬಂಟಿಯಾಗಿ ಕಿರ್ರೆನ್ನುತ್ತ ಮನೆಗೆ ಬರುತ್ತಿತ್ತು. ಗೊರಕೆಯನ್ನು ಮಾತ್ರ ರಾಜ್ಯದ ಹಿತಕ್ಕಾಗಿ ಆಸ್ಥಾನದಲ್ಲೇ ಉಳಿಸಿಕೊಂಡರು. ಜವರಪ್ಪ ಚಾಪೆಯನ್ನು ಪೂರ್ತಿ ಬಿಡಿಸಿ ಹಾಸಿ ಕೂತ. ಹಂಡೆಯಲ್ಲಿ ಹೊಂಬಾಳಮ್ಮ ಬದನೆ ಹಾಕಿದಳು.

ಮಾರನೆಯ ಸಂಜೆ ನೋಡಿದರೆ, ಬೀದಿಯಲ್ಲಿ ದೊರೆ ನಿಂತಿದ್ದಾನೆ. ನಡೆದುಕೊಂಡೇ ಬಂದಿದ್ದಾನೆ. ಪಾತ್ರೆ ಇಲ್ಲ, ಕಿರೀಟ ಇಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಾನೆ.

"ಬರಿಗೈಯಲ್ಲಿ ಬಂದಿದ್ದೇನೆ," ಅಂದ.

ಜವರಪ್ಪ ನೋಯುವ ಮಂಡಿಯನ್ನು ಕೈಯಲ್ಲಿ ಎತ್ತಿ ಸ್ವಲ್ಪ ಆ ಕಡೆಗೆ ಸರಿದ. "ಬಂದ್ರಲ್ಲ, ಕೂತ್ಕಳಿ ಬುದ್ಧೀ," ಅಂದ. ದೊರೆ ಅರ್ಧ ಚಾಪೆಯಲ್ಲಿ, ಅರ್ಧ ಬೀದಿಯಲ್ಲಿ ಕೂತ. ಹೊಂಬಾಳಮ್ಮ ಒಂದು ಹಿಡಿ ಮಂಡಕ್ಕಿ ಕೊಟ್ಟಳು. ದೊರೆ ಬೆನ್ನ ಹಿಂದಿನ ಕೈ ಮುಂದೆ ತಂದ. ತೆಗೆದುಕೊಂಡ. ತಿಂದ. ಬದಲಿಗೆ ಏನೂ ಕೊಡಲಿಲ್ಲ.

ಇದರಿಂದ ತಿಳಿಯಬೇಕಾದ ನೀತಿ ಏನಪ್ಪಾ ಅಂದರೆ, ಕುಂಡದ ಬುಡಕ್ಕೆ ತೂತು ಇರಬೇಕು, ಇಲ್ಲದಿದ್ದರೆ ದೊರೆ ಕೊಳೆಯುತ್ತಾನೆ. ದೇವರು ನಿಮಗೆ ಎರಡು ಕಿವಿ ತೂತು ಮಾಡಿ ಕಳಿಸಿರುವುದೂ ಅದಕ್ಕೇ. ಒಂದಕ್ಕೆ ಹೊಯ್ದಿದ್ದೇನೆ, ಇನ್ನೊಂದರಲ್ಲಿ ಬಸಿದುಹೋಗಲಿ. ಬದಲಿಗೆ ಕತೆ ಹೇಳಬೇಕು ಅಂತ ನಾಳೆ ಯಾರೂ ನಮ್ಮ ಮನೆಗೆ ಬರಬೇಡಿ. ಸುಮ್ಮನೆ ಬನ್ನಿ.