ಚಿಗರೆಮರಿಯ ತೊಟ್ಟಿಲು

ಕಾಡಂಚಿನ ಹುಲ್ಲುಗಾವಲಿಗೆ ಹಿಂಡಿನೊಂದಿಗೆ ಮೇಯಲು ಬಂದ ಕಾಡೆಮ್ಮೆಗೆ, ಹುಲ್ಲಿನ ನಡುವೆ ಒಂಟಿಯಾಗಿ ಮಲಗಿದ್ದ ಚಿಗರೆಮರಿ ಕಂಡಿತು. ಅದರ ಪಕ್ಕ ಕಾವಲಿಗೆ ನಿಂತು, ದೂರದಲ್ಲಿ ಮೇಯುತ್ತಿದ್ದ ತಾಯಿ ಚಿಗರೆಯನ್ನು ಬೈಯತೊಡಗಿತು: "ಹೆತ್ತರೆ ಸಾಕೇನೇ? ನನ್ನ ಕರು ನೋಡು, ಕೆಚ್ಚಲು ಬಿಟ್ಟು ಕದಲುವುದಿಲ್ಲ!"

"ನಿನ್ನ ಕರುವಿಗೆ ಹಿಂಡಿನ ಕೊಂಬುಗಳೇ ಬೇಲಿ," ಎಂದಿತು ಚಿಗರೆ. "ನನ್ನ ಮರಿಗೆ ಈ ಹುಲ್ಲೊಂದೇ ಮರೆ. ಹಾಲೂಡಿಸಿ ದೂರ ಸರಿಯದಿದ್ದರೆ ತೋಳಕ್ಕೆ ನಾನೇ ದಾರಿ ತೋರಿಸಿದಂತೆ. ಮೊದಲು ಅಲ್ಲಿಂದ ಹೋಗು!"

"ನನಗೇ ಬುದ್ಧಿ ಹೇಳುತ್ತೀಯಾ?" ಕಾಡೆಮ್ಮೆ ಸಿಟ್ಟಿನಿಂದ ಗೊರಸು ಬಡಿಯಿತು. ಅಷ್ಟರಲ್ಲಿ ಹಿಂಡು ಕಾಡಿನತ್ತ ತಿರುಗಿತು. ಕಾಡೆಮ್ಮೆಯೂ ತನ್ನ ಕರುವಿನೊಂದಿಗೆ ಹೊರಟೇಬಿಟ್ಟಿತು.

ಅದು ನಿಂತಿದ್ದಲ್ಲಿ ಹುಲ್ಲು ನೆಲಕಚ್ಚಿತ್ತು. ಮರಿ ದೂರದಿಂದಲೂ ಕಾಣುತ್ತಿತ್ತು. ದಿಬ್ಬದ ಮೇಲೆ ತೋಳ ತಲೆಯೆತ್ತಿತು.

"ತಾಯ್ತನ ಕಲಿಸಲು ಬಂದವಳೇ," ಓಡಿಬರುತ್ತ ಚಿಗರೆ ಚೀರಿತು, "ನನ್ನ ಮರಿಯ ತೊಟ್ಟಿಲನ್ನೇ ತುಳಿದು ಹೋದೆಯಲ್ಲೇ!"